‘ಹ’ ಬಿಟ್ಟ ಹಾಡಿ

ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ನನ್ನ ಫೋನ್ ಹೊಡೆದುಕೊಂಡಿತು, ಅಜ್ಜಿಯ ಫೋನ್ ಸುಮ್ಮನಿತ್ತು. ಎಲ್ಲ ಕೆಟ್ಟದ್ದು ಅಲ್ಲಿಂದ.

ಬೀಚನಹಳ್ಳಿ ಅಣೆಕಟ್ಟಿನ ಗೇಟು ತೆಗೆಯುವ ಮುನ್ನ ಕೆಳಗಿನ ಊರುಗಳಿಗೆ ಕರೆ ಹೋಗುವಂತೆ ನೋಡಿಕೊಳ್ಳುವುದು ನಮ್ಮ ಮೂವರ ಸಣ್ಣ ತಂಡದ ಕೆಲಸ. ಅಂದು ನಾನು ಹೊಳೆ ಪಕ್ಕದ ಹಾಡಿಗೆ, ಕಾಡಂಚಿನ ಬುಡಕಟ್ಟಿನವರ ಊರಿಗೆ, ಹೋಗಿದ್ದೆ. ಅಲ್ಲಿನ ಅಜ್ಜಿಯೊಬ್ಬರು ಹೊಳೆ ನಡುವಿನ ಮರಳುದಿಬ್ಬದಲ್ಲಿ ಸೊಪ್ಪು ಕೀಳುತ್ತಿದ್ದರು. ನಮ್ಮೂರಿಗೆಂದು ನನಗೆ ಕರೆ ಬಂದ ಕೂಡಲೇ, ಗೇಟು ತೆಗೀತಾರೆ ಎಂದು ದಡದಿಂದ ಕೂಗಿದೆ. ಅವರು ಸೆರಗಿನ ಗಂಟು ಬಿಚ್ಚಿ ಫೋನ್ ನೋಡಿದರು.

“ನಂಗೆ ಬಂದಿಲ್ಲ ಕಣವ್ವ. ನೀರು ನಿಮ್ಮೂರ್ಗಿರ್ಬೇಕು, ನಮ್ಮಾಡಿಗಲ್ಲ ಬುಡು.”

“ನೀರು ಊರು ಕೇಳ್ಕೊಂಡು ಬತ್ತದಾ ಅಜ್ಜಿ? ಬನ್ನಿ.”

“ಪೋನ್ ನಂಬಿ ಅಂತ ನೀನೇ ಯೋಳಿದ್ದಲ್ಲವ್ವ.”

ಹೇಳಿದ್ದೆ. ಇಳಿದು ಹೋಗುವಾಗ ನೀರು ಮೊಣಕಾಲಿಗಿತ್ತು, ಅವರನ್ನು ಹಿಡಿದು ಬರುವಾಗ ಎದೆಗೆ. ನಡುವೆ ಒಮ್ಮೆ ಅವರ ಮುಂಗೈ ನನ್ನ ಹಿಡಿತದಿಂದ ಜಾರಿತು, ಮತ್ತೆ ಸಿಕ್ಕಿತು, ದಡ ಮುಟ್ಟಿದೆವು. ಈಗಲೂ ಬಸ್ಸಿನಲ್ಲಿ ಕಂಬಿ ಹಿಡಿದರೆ ಆ ಜಾರಿಕೆ ಬೆರಳಿಗೆ ಬರುತ್ತದೆ.

ನಮ್ಮದು ಸರ್ವರ್‌ಲೆಸ್ ವ್ಯವಸ್ಥೆ. ಇಡೀ ದಿನ ಓಡುವ ನಮ್ಮದೇ ಯಂತ್ರವಿಲ್ಲ. ಊರಿಗೊಂದು ಪುಟ್ಟ ಫಂಕ್ಷನ್, ಅಂದರೆ ಒಂದೇ ಕೆಲಸದ ಕೋಡಿನ ತುಂಡು, ಗೇಟಿನ ಸುದ್ದಿ ಬಂದಾಗ ಬೇರೆಯವರ ಯಂತ್ರಗಳ ಬಾಡಿಗೆ ಕ್ಲೌಡ್‌ನಲ್ಲಿ ಎದ್ದು, ಕರೆ ಮಾಡಿ, ಮಲಗುತ್ತದೆ. ಯಾವುದನ್ನು ಎಬ್ಬಿಸಬೇಕೆಂದು ಕ್ಲೌಡ್‌ಗೆ ತಿಳಿಸುವುದು ಒಂದು ಕಾನ್ಫಿಗರೇಶನ್ ಫೈಲ್. ಮೊದಲು ಅದನ್ನು ಕೈಯಲ್ಲಿ ಬರೆಯುತ್ತಿದ್ದೆವು. ಕೋಡನ್ನು ಓದಿ ಆ ಫೈಲನ್ನು ತಾನೇ ತಯಾರಿಸುವ ಪ್ರೋಗ್ರಾಮನ್ನು ನಮ್ಮ ತಂಡದ ಹಿರಿಯರು ಹಿಂದಿನ ವಾರವಷ್ಟೇ ಹಾಕಿದ್ದರು. ಹೆಸರು ‘ಹಳ್ಳಿ’ ಅಥವಾ ‘ಹಾಡಿ’ ಎಂದು ಶುರುವಾದ ಫಂಕ್ಷನ್‌ಗಳನ್ನು ಅದು ಆರಿಸಿಕೊಳ್ಳುತ್ತಿತ್ತು, ಉಳಿದದ್ದನ್ನು ಸದ್ದಿಲ್ಲದೆ ಬಿಡುತ್ತಿತ್ತು. ಈ ಹಾಡಿಯವಳೇ ಆದ ನಮ್ಮ ಮೂರನೆಯವಳು ತನ್ನೂರಿನ ಫಂಕ್ಷನ್‌ಗೆ ತಾನು ಕರೆಯುವ ಹಾಗೆಯೇ ಹೆಸರಿಟ್ಟಿದ್ದಳು: ‘ಆಡಿ’.

ಸಂಜೆ ಮೂವರೂ ಫೋನಿನಲ್ಲಿ ಸೇರಿದೆವು. ಹಿರಿಯರು ಕೆ.ಆರ್. ನಗರದಿಂದ ಮಾತಾಡುತ್ತಿದ್ದರು.

“ಓಟ್ಲಲ್ಲಿದೀನಿ ಕಣ್ರೀ, ಗಲಾಟೆ. ಒಂದಕ್ಷರ ನೆಟ್ಟಗೆ ಬರ್ದಿದ್ರೆ ಇಷ್ಟೆಲ್ಲ ಆಗ್ತಿತ್ತಾ? ಹೆಸರು ತಿದ್ದಿ, ಮುಗೀತು.”

“ಸಾರ್, ಎಲ್ಲಿದೀರಿ ಅಂದ್ರಿ?” ಅವಳು ಮೆತ್ತಗೆ ಕೇಳಿದಳು.

“ಓಟ್ಲಲ್ಲಿ.”

“ಸರಿ ಸಾರ್. ಅಲ್ಲಿ ನಿಮ್ಗೆ ಊಟ ಹಾಕ್ತಾವ್ರಲ್ಲ, ‘ಹ’ ಎಲ್ಲಿ ಅಂತ ಕೇಳ್ದೇನೆ?”

ನಾನು ಮಾತಾಡಿದೆ. ಹೆಸರು ತಿದ್ದುವುದಿಲ್ಲ ಎಂದೆ. ಅಜ್ಜಿ ಹೊಳೆಯಲ್ಲಿ ನಿಂತದ್ದು ಅವಳ ಅಕ್ಷರದಿಂದಲ್ಲ, ಗೊತ್ತಿಲ್ಲದ್ದನ್ನು ಬಾಯಿಮುಚ್ಚಿ ಬಿಟ್ಟುಬಿಡುವ ಪ್ರೋಗ್ರಾಮಿನಿಂದ. ಒಂದೇ ಒಂದು ಫಂಕ್ಷನ್ ಹೊರಗುಳಿದರೂ ಪ್ರೋಗ್ರಾಮು ಫೈಲ್ ಹುಟ್ಟಿಸಬಾರದು, ಬಿಟ್ಟುಹೋಗಿದೆ ಎಂದು ಕೂಗಬೇಕು. ಅಲ್ಲಿಯವರೆಗೆ ಕೈಯಲ್ಲೇ ಬರೆಯುತ್ತೇನೆ, ಬೇಕಾದರೆ ನನ್ನನ್ನು ತಂಡದಿಂದ ತೆಗೆಯಿರಿ ಎಂದೆ.

ತೆಗೆಯಲಿಲ್ಲ. ಪ್ರೋಗ್ರಾಮನ್ನು ಅವರೇ ತಿದ್ದಿದರು. ಹೊಸ ಫೈಲಿನಲ್ಲಿ ‘ಆಡಿ’ ಆಡಿಯಾಗಿಯೇ ಕೂತಿತು.

ಮುಂದಿನ ಸಲ ಗೇಟು ತೆಗೆದದ್ದು ಒಂದು ಭಾನುವಾರ. ಮಧ್ಯಾಹ್ನ ಅಜ್ಜಿಯೇ ಫೋನ್ ಮಾಡಿದರು.

“ಬಂತು ಕಣವ್ವ. ದಡದ ಮ್ಯಾಲಿವ್ನಿ. ನಿಂಗೆ ಬಂತಾ? ಬರ್ದೇ ಇದ್ರೂ ನೀರಿಗಿಳೀಬ್ಯಾಡ.”

ಹೊಳೆಗಿಳಿದ ದಿನದಿಂದ ನೆಟ್ಟಗೆ ನಿದ್ದೆಯಿಲ್ಲದ ನಾನು ಆ ಭಾನುವಾರ ರಾತ್ರಿ ಮಲಗಿ ಕಣ್ಣು ಬಿಟ್ಟಾಗ ಬೆಳಗಾಗಿತ್ತು.