ಕುತ್ತಿಗೆಯ ಹಿಂದೆದ್ದ ಕುರು

ಪೀರನವಾಡಿಯ ರತ್ನಮಾಲಾ ಅವರು ಕುರುವನ್ನು ಪರೀಕ್ಷಿಸುವ ಕ್ರಮವನ್ನು ಗುಂಜಿಯ ತವರಿನಲ್ಲಿ ಕಲಿತವರು. ಓಣಿಯ ತಾಯಂದಿರು ಮಕ್ಕಳನ್ನು ಕರೆತಂದರೆ ಬೆಳಕಿಗೆ ತಿರುಗಿಸಿ ಕುರುವಿನ ಬಾಯಿಗಳನ್ನು ಎಣಿಸುವರು. ಒಂದೇ ಬಾಯಿಯಾದರೆ ಬಿಸಿನೀರಿನ ಬಟ್ಟೆಯ ಶಾಖ, ಹಿಸುಕಬಾರದೆಂಬ ಕಟ್ಟಪ್ಪಣೆ. ಹೆಚ್ಚಾದರೆ ಆಸ್ಪತ್ರೆ. ಅವರ ತಂದೆ ತೀರಿಹೋದುದು ಬೆನ್ನಿನ ಮೇಲೆದ್ದ ಐದು ಬಾಯಿಯ ಕುರುವಿನಿಂದ.

ಪತಿ ಪಾರೀಸರು ಉದ್ಯಮಬಾಗದ ಫೌಂಡ್ರಿಯಲ್ಲಿ ಕಾದ ಕಬ್ಬಿಣವನ್ನು ಅಚ್ಚಿಗೆ ಎರೆಯುವವರು. ಆ ಕೆಲಸದವರ ಮೈಮೇಲೆ ಕಿಡಿ ಬಿದ್ದ ಗುರುತುಗಳು ಮಾಸುವುದೇ ಇಲ್ಲ. ಕೊಬ್ಬರಿ ಎಣ್ಣೆ ಸವರಿ ಮರೆಯುವುದು ರೂಢಿ. ಜೈನರ ದಶಲಕ್ಷಣ ಪರ್ವದ ದಿನಗಳಲ್ಲಿ ಕುತ್ತಿಗೆಯ ಹಿಂದೆ ಉರಿ ಎದ್ದಾಗ ಅವರು ಅದನ್ನೂ ಕಿಡಿಯೆಂದೇ ಬಗೆದರು. ಮೈಯ ಸೋಲು ಒಪ್ಪೊತ್ತಿನ ವ್ರತದ್ದೆಂದುಕೊಂಡರು. ಏಳನೆಯ ದಿನ ಬಸದಿಯಿಂದ ಮರಳಿ ಅವರು ಅಂಗಿ ಕಳಚುವಾಗ ರತ್ನಮಾಲಾ ಕಂಡರು: ಅಂಗೈಯಗಲದ ಕೆಂಪು, ನಡುವೆ ಕೀವು ತುಂಬಿದ ಬಾಯಿಗಳು. ಎಣಿಸಹೋದ ಬೆರಳು ಮೂರಕ್ಕೆ ನಿಂತಿತು.

“ಓಣ್ಯಾಗಿನ ಕುರು ಸಾಲಲಿಲ್ಲೇನ ನಿನಗ, ನನ್ನ ಕುತ್ತಗಿನೂ ಬೇಕಾತು? ಕಿಡಿ ಬಿದ್ದೈತಿ, ಅಷ್ಟ.”

“ಕಿಡಿಗಿ ಬಾಯಿ ಇರಂಗಿಲ್ರೀ. ನಮ್ಮಪ್ಪಗ ಹಿಂಗ ಎದ್ದಿತ್ತು.”

ಪಾರೀಸರು ಕಳಚಿದ ಅಂಗಿಯನ್ನೇ ಮತ್ತೆ ತೊಟ್ಟು ಆಸ್ಪತ್ರೆಗೆ ಹೊರಟರು.

ಬೆಳಗಾವಿಯ ವೈದ್ಯರು ಬೆರಳು ಚುಚ್ಚಿ ರಕ್ತ ನೋಡಿದರು. ಸಕ್ಕರೆ ನಾನೂರನ್ನು ದಾಟಿತ್ತು; ಅವರಿಗೆ ಸಕ್ಕರೆ ಕಾಯಿಲೆ ಇರುವುದು ಅಂದಿನವರೆಗೆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಹಲವು ಕುರುಗಳು ಒಳಗೇ ಕೂಡಿಕೊಂಡಿವೆ, ಈಗಲೇ ಕೊಯ್ದು ಕೀವು ತೆಗೆಯಬೇಕು, ಉಪವಾಸ ಬಿಡಬೇಕು, ಎಂಟು ಗಂಟೆಗೊಮ್ಮೆ ಮಾತ್ರೆ ನುಂಗಬೇಕು, ತಡವಾದರೆ ನಂಜು ರಕ್ತಕ್ಕೇರುವುದು ಎಂದರು. ಪಾರೀಸರು ಕೈಮುಗಿದರು. ಹಗಲು ಊಟ ಮಾಡುವೆನು. ಸೂರ್ಯಾಸ್ತದ ಮೇಲೆ ಬಾಯಿಗೆ ಏನನ್ನೂ ಇಡೆನು, ಹನ್ನೆರಡರ ವಯಸ್ಸಿನಿಂದ ಹಿಡಿದ ನಿಯಮವಿದು ಎಂದರು. ವೈದ್ಯರ ಮುಖ ಬಿಗಿಯಿತು.

ರತ್ನಮಾಲಾ ಅವರದೂ ಅದೇ ನಿಯಮ. ಬಿಡಿರೆಂದು ಹೇಳಲು ನಾಲಗೆ ಏಳದು. ಹೇಳದಿದ್ದರೆ ಪ್ರಾಣ ಉಳಿಯದು.

“ಬಾಯಿಲೆ ಬ್ಯಾಡ್ರೀ ಸಾಹೇಬ್ರ,” ಎಂದರು ಕಡೆಗೆ. “ನರದಾಗ ಹಾಕಾಕ ಬರತೈತೇನ್ರೀ?”

“ಬರತೈತ್ರೀ. ಆದ್ರ ಇಲ್ಲೇ ಇರಬೇಕು. ಉಳೀತಾರಂತ ಇವತ್ತ ಹೇಳಂಗಿಲ್ಲ.”

ಕೊಯ್ದು ಕಟ್ಟು ಕಟ್ಟಿದ ಮೇಲೆ ನರ್ಸು ಕೆಂಪಿನ ಅಂಚಿನುದ್ದಕ್ಕೂ ನೀಲಿ ಪೆನ್ನಿನಿಂದ ಗೆರೆ ಎಳೆದಳು. ಕೆಂಪು ಇದನ್ನು ದಾಟಿದರೆ ಕೂಡಲೇ ಕರೆಯಿರಿ ಎಂದಳು.

ಮರುದಿನ ಬೆಳಗಿನ ಬೆಳಕಿನಲ್ಲಿ ರತ್ನಮಾಲಾ ಬಾಗಿ ನೋಡಿದರು. ಎಡಗಡೆ ಕೆಂಪು ಗೆರೆಯಿಂದ ಒಂದು ಬೆರಳಿನಷ್ಟು ಹಿಂದೆ ಸರಿದಿತ್ತು. ಬಲಗಡೆ, ಕಿವಿಯ ಕೆಳಗೆ, ಗೆರೆಗೆ ತಾಗಿಯೇ ನಿಂತಿತ್ತು. ಅವರು ಕುರ್ಚಿಯನ್ನು ಬಲಗಡೆಗೆ ಎಳೆದುಕೊಂಡು ಕುಳಿತರು.