ಅಮಾವಾಸ್ಯೆಯ ದಿನ ಕೇಳಿಸಿದ್ದು

ಇಳಕಲ್ಲಿಗೆ ಬಂದ ಮರುದಿನ ಬೆಳಗಿನ ಜಾವ ನನ್ನನ್ನು ಎಬ್ಬಿಸಿದ್ದು ನೆಲ. ಚಾಪೆಯ ಕೆಳಗಿನ ಕಲ್ಲುಹಾಸು ಸಣ್ಣಗೆ ನಡುಗುತ್ತಿತ್ತು. ಗೂಡಿನಲ್ಲಿಟ್ಟಿದ್ದ ಹಿತ್ತಾಳೆ ಲೋಟ ತಾನಾಗಿ ಸರಿಯುತ್ತಾ ಅಂಚಿಗೆ ಬಂದಿತ್ತು. ಭೂಕಂಪವೆಂದೇ ತಿಳಿದು ಪಡಸಾಲೆಗೆ ಓಡಿದೆ. ಮನೆಯ ಹಿರಿಯರಾದ ಗಂಗವ್ವನವರು ಜೋಳ ಹಸನು ಮಾಡುತ್ತ ಕೂತಿದ್ದರು.

"ಯಾಕ್ರಿ ಅಕ್ಕೋರ, ದೆವ್ವ ಕಂಡಂಗ ನಿಂತೀರಿ?"

"ನೆಲ ನಡುಗ್ತಾ ಇದೆ."

"ನೆಲಾ ಎಲ್ಲಿ ಹೋಗ್ತೈತ್ರಿ! ನಮ್ಮ ಸಂಗಪ್ಪ ಮಗ್ಗಕ್ಕ ಕುಂತಾನ."

ನನ್ನ ಕೋಣೆಯ ಗೋಡೆಯ ಆಚೆ ಅವರ ಮಗನ ಮಗ್ಗವಿತ್ತು. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಸೀರೆ ನೇಯುವ ಮಗ್ಗ. ಎಡಕ್ಕೊಂದು, ಬಲಕ್ಕೊಂದು, ಎದುರಿಗೆ ಇಡೀ ಓಣಿಯಲ್ಲಿ ಇನ್ನೆಷ್ಟೋ. ಮೈಸೂರಿನ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಹಾಲಿನವನ ಸೈಕಲ್ ಗಂಟೆಯೇ ದೊಡ್ಡ ಸದ್ದು. ಇಲ್ಲಿ ಮನೆಗಳೆಲ್ಲ ಒಟ್ಟಿಗೆ ಹಲ್ಲು ಕಡಿಯುತ್ತಿರುವಂತೆ ಅನಿಸಿತು. ಈ ಊರಿನಲ್ಲಿ ಎರಡು ತಿಂಗಳೂ ಇರಲಾರೆ ಎಂದು ಆ ದಿನ ಮನೆಗೆ ಬರೆದೆ. ಈಗ ಎರಡು ವರ್ಷ ತುಂಬುತ್ತಿದೆ.

ನಾನು ಕಿವುಡ ಮಕ್ಕಳಿಗೆ ಕಲಿಸುವ ತರಬೇತಿ ಪಡೆದವಳು. ಮೈಸೂರಿನಲ್ಲಿ ನಾನು ಕಂಡ ಅಂಥ ಮಕ್ಕಳು ವಸತಿ ಶಾಲೆಯವರು. ರಜೆಯಲ್ಲಿ ಮನೆಗೆ ಹೋಗಿ ನೆಂಟರಂತೆ ಇದ್ದು ಬರುತ್ತಿದ್ದರು. ಇಲ್ಲಿ ಹೊಸದಾಗಿ ಬಂದ ಯೋಜನೆಯ ಪ್ರಕಾರ ಮಗು ತನ್ನ ಊರಿನ ಸರ್ಕಾರಿ ಶಾಲೆಯಲ್ಲೇ, ನೆರೆಮನೆಯ ಮಕ್ಕಳ ಪಕ್ಕದಲ್ಲೇ ಕೂತು ಕಲಿಯಬೇಕು. ದಿನಕ್ಕೆ ಸ್ವಲ್ಪ ಹೊತ್ತು ವಿಶೇಷ ಶಿಕ್ಷಕಿಯ ಹತ್ತಿರ ಬರಬೇಕು. ಆ ಶಿಕ್ಷಕಿ ನಾನು. ಹಳೆಯ ಭೂಪಟಗಳನ್ನೂ ಮುರಿದ ಬೆಂಚುಗಳನ್ನೂ ತುಂಬಿಟ್ಟಿದ್ದ ಕೋಣೆಯನ್ನು ಖಾಲಿ ಮಾಡಿಸಿ ಕೊಟ್ಟರು. ವಾರದಲ್ಲಿ ಕೆಲವು ದಿನ ಹುನಗುಂದಕ್ಕೂ ಕಮತಗಿಗೂ ಬಸ್ಸಿನಲ್ಲಿ ಹೋಗುತ್ತೇನೆ. ಶಿಕ್ಷಕಿಯನ್ನು ಇಲ್ಲಿ 'ಅಕ್ಕೋರು' ಎನ್ನುತ್ತಾರೆ. ನಾನು ಮೂಕರ ಅಕ್ಕೋರು. "ಮೂಕರ ಅಕ್ಕೋರೂ ಮೂಕೀನ ಅದಾರ" ಎಂದು ನಾಲ್ಕನೆಯ ತರಗತಿಯ ಹುಡುಗಿಯರು ಪಿಸುಗುಟ್ಟಿಕೊಂಡದ್ದು ನನಗೆ ಕೇಳಿಸಿತ್ತು. ನಾನು ಹೆಚ್ಚು ಮಾತಾಡುವವಳಲ್ಲ. ಆಡಿದರೂ ನನ್ನ ಕನ್ನಡ ಅವರಿಗೆ ಓದಿ ಹೇಳಿದಂತೆ ಕೇಳುತ್ತದೆ.

ಊಟದ ವಿಷಯದಲ್ಲೂ ಹಾಗೆಯೇ. ನಮ್ಮಲ್ಲಿ ಅನ್ನ ಸಾರು ಇಲ್ಲದಿದ್ದರೆ ಊಟವಲ್ಲ. ಇಲ್ಲಿ ಜೋಳದ ರೊಟ್ಟಿ, ಹಿಂಡಿ ಎನ್ನುವ ಶೇಂಗಾದ ಚಟ್ನಿಪುಡಿ, ಮೇಲೆ ಕೆಂಪು ಖಾರ. ನಾನು ಸೀಮೆಎಣ್ಣೆ ಒಲೆಯ ಮೇಲೆ ಒಂದು ಹಿಡಿ ಅಕ್ಕಿ ಬೇಯಿಸಿಕೊಳ್ಳುವುದನ್ನು ಕಂಡು ಗಂಗವ್ವನವರು, "ಜಡ್ಡಿನವ್ರ ಊಟ ಮಾಡಾಕತ್ತೀರಲ್ರಿ, ಮೈಯಾಗ ಆರಾಮ ಇಲ್ಲೇನು?" ಎಂದು ಕೇಳಿದರು. ಒಂಟಿ ಹೆಣ್ಣಿಗೆ ಕೋಣೆ ಕೊಡಲು ಈ ಊರಿನಲ್ಲಿ ಹಲವರು ಹಿಂಜರಿದಿದ್ದರು. ನೀವೇಕೆ ಕೊಟ್ಟಿರಿ ಎಂದು ಕೇಳಿದ್ದಕ್ಕೆ ಅವರು ತಮ್ಮ ಮೊಮ್ಮಗಳತ್ತ ಬೆರಳು ತೋರಿಸಿದರು. ಎಂಟು ವರ್ಷದ ನೀಲವ್ವ ಮಗ್ಗದ ಪಕ್ಕದಲ್ಲೇ ಕೂತು ನೂಲು ಬಿಡಿಸುತ್ತಿದ್ದಳು. ಅಷ್ಟು ಸದ್ದಿನಲ್ಲಿ ಅವಳೊಬ್ಬಳ ಮುಖದಲ್ಲಿ ಮಾತ್ರ ಆಯಾಸವಿರಲಿಲ್ಲ.

ನೀಲವ್ವ ಶಾಲೆಗೆ ಬರತೊಡಗಿದಳು. ಕೆಲವು ತಿಂಗಳಾದ ಮೇಲೆ ಇಲಾಖೆಯಿಂದ ಅವಳಿಗೊಂದು ಕಿವಿಯ ಯಂತ್ರ ಬಂತು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಪೆಟ್ಟಿಗೆ. ಎದೆಯ ಮೇಲೆ ಬಟ್ಟೆಯ ಚೀಲದಲ್ಲಿ ಕಟ್ಟಿಕೊಳ್ಳಬೇಕು, ಅದರಿಂದ ಒಂದು ತಂತಿ ಕಿವಿಗೆ. ಬಾಗಲಕೋಟೆಯಿಂದ ಬಂದಿದ್ದ ಅಧಿಕಾರಿ ಹೇಳಿ ಹೋದರು: ವರ್ಷದ ಕೊನೆಗೆ ಮತ್ತೆ ಬಂದು ಮನೆಯವರನ್ನೂ ವಿಚಾರಿಸುತ್ತೇನೆ, ಉಪಯೋಗ ಕಾಣದಿದ್ದರೆ ಯಂತ್ರ ಬೇರೆ ಮಗುವಿಗೆ, ಇವಳು ದೂರದ ವಸತಿ ಶಾಲೆಗೆ. ಸಂಗಪ್ಪ ಅಂದೇ ಸ್ಪಷ್ಟವಾಗಿ ಹೇಳಿದ. "ದೂರ ಅಂತೂ ಕಳಸೂದಿಲ್ರಿ ಅಕ್ಕೋರ. ಇಲ್ಲೇ ಕಲಿತಾಳಂದ್ರ ಕಲೀಲಿ. ಇಲ್ಲಂದ್ರ ನೂಲು ಐತಿ, ಅಕಿ ಅದಾಳ." ಹೀಗೆ ಅವಳ ಓದೆಲ್ಲ ಆ ಪೆಟ್ಟಿಗೆಗೆ ತಗುಲಿಕೊಂಡಿತು.

ಶಾಲೆಯ ಕೋಣೆಯಲ್ಲಿ ನಮ್ಮದೊಂದು ಆಟವಿತ್ತು. ಅವಳು ನನಗೆ ಬೆನ್ನು ಮಾಡಿ ಕೂರುವಳು, ಕೈಯಲ್ಲಿ ಹುಣಸೆ ಬೀಜ, ಮುಂದೆ ಡಬ್ಬಿ. ನಾನು ಹಿಂದಿನಿಂದ ದಮ್ಮಡಿ ಬಡಿದಾಗ, ಕೇಳಿಸಿದರೆ ಬೀಜವನ್ನು ಡಬ್ಬಿಗೆ ಹಾಕಬೇಕು. ಮೊದಲು ದಮ್ಮಡಿಗೆ, ಆಮೇಲೆ ಚಪ್ಪಾಳೆಗೆ, ಕಡೆಗೆ ನನ್ನ ದನಿಗೂ ಬೀಜ ಬೀಳತೊಡಗಿತು. ಆ ದಿನ ಸಂತೋಷ ತಡೆಯದೆ ಬಂದು ಹೇಳಿದರೆ ಸಂಗಪ್ಪ ಲಾಳಿ ನಿಲ್ಲಿಸದೆಯೇ ಅಂದ: "ಸಾಲ್ಯಾಗ ಕೇಳ್ತೈತಿ ಅಂತೀರಿ. ಮನ್ಯಾಗ ಒಂದಿನಾನೂ ಕೇಳಿಲ್ಲಲ್ರಿ. ನಿಮ್ಮ ನೆರಳ ನೋಡಿ ಹಾಕ್ತಾಳೇಳ್ರಿ, ಭಾಳ ಶ್ಯಾಣ್ಯಾಕಿ ಅಕಿ."

ಮನೆಯಲ್ಲಿ ಯಾಕೆ ಕೇಳುವುದಿಲ್ಲ ಎಂಬುದು ಒಂದು ಶುಕ್ರವಾರ ತಿಳಿಯಿತು. ದೇವರ ಜಗಲಿಯ ಮೇಲೆ, ಬನಶಂಕರಿಯ ಪಟದ ಮುಂದೆ, ಯಂತ್ರ ಕೂತಿತ್ತು. ಅದಕ್ಕೆ ಅರಿಶಿನ, ಕುಂಕುಮ, ಒಂದು ಎಸಳು ಸೇವಂತಿಗೆ. ಸದ್ದು ಒಳಹೋಗುವ ಸಣ್ಣ ತೂತುಗಳಲ್ಲಿ ಕುಂಕುಮ ತುಂಬಿತ್ತು.

"ಇದನ್ನ ಇಲ್ಲಿ ಯಾಕೆ ಇಟ್ಟಿದ್ದೀರಿ?" ನನ್ನ ದನಿ ತುಸು ಏರಿರಬೇಕು.

ಗಂಗವ್ವನವರಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. "ಮತ್ತೆಲ್ಲಿ ಇಡಬೇಕ್ರಿ? ಈ ಕೂಸಿಗೆ ಕಿವಿ ಕೊಡು ಅಂತ ಚೊಳಚಗುಡ್ಡದ ಗುಡೀಗೆ ನಡಕೊಂಡ ಹೋಗಿ ತಾಯಿಗೆ ಬೆಳ್ಳಿ ಕಿವಿ ಹರಕಿ ಹೊತ್ತೇನಿ. ಆಕಿ ಕಿವಿ ಕೊಟ್ಟಾಳ. ಸಾಲಿಂದ ಬಂದ ಕೂಡಲೇ ಆಕಿ ಮುಂದ ಇಡಬ್ಯಾಡೇನು?"

ಹತ್ತಿ ಸುತ್ತಿದ ಕಡ್ಡಿಯಿಂದ ಕುಂಕುಮ ತೆಗೆದೆ. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ತಾಯಿಯ ಮುಂದಿಟ್ಟು ತೆಗೆದರೆ ಸಾಕು, ಮಿಕ್ಕ ಹೊತ್ತು ಮಗುವಿನ ಎದೆಯ ಮೇಲೇ ಇರಲಿ ಎಂದು ಒಪ್ಪಿಸಿದೆ. ಆದರೆ ಆ ಸಂಜೆ ಮನೆಯೊಳಗೆ ಯಂತ್ರ ಚಾಲೂ ಮಾಡಿದ್ದೇ ತಡ ನೀಲವ್ವ ಚೀರಿ ತಂತಿ ಕಿತ್ತೆಸೆದಳು. ನಾನು ಅದನ್ನು ನನ್ನ ಕಿವಿಗೆ ಇಟ್ಟುಕೊಂಡು ನೋಡಿದೆ. ತಲೆಯೊಳಗೆ ಯಾರೋ ಕಲ್ಲು ಒಡೆಯುತ್ತಿದ್ದಂತಿತ್ತು. ಮಗ್ಗದ ಹೊರತು ಮತ್ತೇನೂ ಇಲ್ಲ. ಪಕ್ಕದಲ್ಲೇ ನಿಂತು ಏನೋ ಹೇಳುತ್ತಿದ್ದ ಅವಳ ಅವ್ವ ಬಸವ್ವನ ಬಾಯಿ ಮಾತ್ರ ಆಡುತ್ತಿತ್ತು.

ದಿನಕ್ಕೆ ಒಂದು ತಾಸು ಮಗ್ಗ ನಿಲ್ಲಿಸಬಹುದೇ ಎಂದು ಸಂಗಪ್ಪನನ್ನು ಕೇಳಿದೆ. ಅವನು ನಕ್ಕ. ಸಿಟ್ಟಿನ ನಗೆಯಲ್ಲ. "ಸೀರಿ ತಡಾ ಆದ್ರ ಸಾವ್ಕಾರಗ ನೀವು ಹೇಳ್ತೀರೇನ್ರಿ?" ನಾನು ಕೋಣೆಗೆ ಬಂದೆ. ಪರಸ್ಥಳದವಳು, ಬಾಡಿಗೆಗೆ ಇರುವವಳು, ಇನ್ನೊಬ್ಬರ ಹೊಟ್ಟೆಪಾಡಿನ ಸದ್ದನ್ನು ನಿಲ್ಲಿಸು ಎನ್ನಲು ನನಗೇನು ಹಕ್ಕು ಎನಿಸಿತು. ವರ್ಷ ಮುಗಿಯುತ್ತ ಬಂದಿತ್ತು.

ಹಾಗಿರುವಾಗ ಅಮಾವಾಸ್ಯೆ ಬಂತು. ಅಂದು ಈ ಓಣಿಯಲ್ಲಿ ಯಾರೂ ಮಗ್ಗಕ್ಕೆ ಕೂರುವುದಿಲ್ಲ. ಒರೆಸಿ ಪೂಜೆ ಮಾಡುತ್ತಾರೆ. ಬಂದ ಹೊಸದರಲ್ಲಿ, ಮೊದಲ ಅಮಾವಾಸ್ಯೆಯಂದು, ಸದ್ದಿಲ್ಲದ್ದಕ್ಕೇ ಗಾಬರಿಯಾಗಿ ಎದ್ದಿದ್ದೆ. ಈಗ ಆ ಮೌನದಲ್ಲಿ ಎದ್ದು ಕೂತಾಗ, ನಾನು ಬೇಡಿದ ಒಂದು ತಾಸಿನ ಬದಲು ಇಡೀ ದಿನವೇ ನನ್ನೆದುರು ಇದೆ ಎಂದು ಹೊಳೆಯಿತು.

ಪೂಜೆ ಮುಗಿದ ಮೇಲೆ ನೀಲವ್ವನಿಗೆ ಯಂತ್ರ ಕಟ್ಟಿ, ಕೈಗೆ ಬೀಜ ಕೊಟ್ಟು, ಗೋಡೆಯ ಕಡೆ ಮುಖ ಮಾಡಿ ಕೂರಿಸಿದೆ. ಬಸವ್ವನಿಗೆ ಹೇಳಿದೆ, ಹಿಂದಿನಿಂದ ಹೆಸರು ಹಿಡಿದು ಕರೆಯಿರಿ.

ಬಸವ್ವ ಸೆರಗು ಬಾಯಿಗೆ ಒತ್ತಿಕೊಂಡಳು. "ನಾಚಿಕಿ ಬರ್ತೈತ್ರಿ. ಹೆಸರ ಹಿಡದ ಕರದ ಎಷ್ಟ ವರ್ಸ ಆತೋ. ಕೇಳ್ಸೂದಿಲ್ಲಲ್ಲ ಅಂತ ಬಿಟ್ಟಬಿಟ್ಟೇನಿ. ಬೇಕಾದಾಗ ಕೈ ಹಿಡದ ಜಗ್ಗತೇವಿ."

"ಕರಿಯವ್ವಾ, ಈಗರೆ ಕರಿ," ಎಂದರು ಗಂಗವ್ವನವರು. "ಗಂಡನ ಮ್ಯಾಲೆ ಒದರೂ ಮುಂದ ನಾಚಿಕಿ ಬರೂದಿಲ್ಲ ನಿನಗ!"

ಬಸವ್ವ ಕರೆದಳು. ಮೊದಲನೆಯದು ಗಂಟಲಲ್ಲೇ ಉಳಿಯಿತು. ಎರಡನೆಯ ಸಲ ಗಟ್ಟಿಯಾಗಿ, "ನೀಲಾ!"

ಬೀಜ ಡಬ್ಬಿಯೊಳಗೆ ಬಿತ್ತು.

ಸಂಗಪ್ಪ ಎದ್ದು ಬಂದು ಮಗಳ ಮುಂದಿನ ಗೋಡೆಯನ್ನು ನೋಡಿದ. ನೆರಳು ಬೀಳುತ್ತದೆಯೇ ಎಂದು ಕೈ ಆಡಿಸಿ ನೋಡಿದ. ಆಮೇಲೆ ತನ್ನ ಅಂಗೈಯಿಂದ ಅವಳ ಕಣ್ಣು ಮುಚ್ಚಿ, "ಇನ್ನೊಮ್ಮೆ ಕರಿ," ಎಂದ. ಮತ್ತೆ ಬೀಜ ಬಿತ್ತು. ಅವನೇ ಕರೆದಾಗ ಬೀಳಲಿಲ್ಲ. ಅವನ ದನಿ ದಪ್ಪ, ಅದೂ ಮೆಲ್ಲಗೆ ಬಂದಿತ್ತು. ಇನ್ನಷ್ಟು ಬಗ್ಗಿ, ಇನ್ನಷ್ಟು ಗಟ್ಟಿಯಾಗಿ ಕರೆದ. ನೀಲವ್ವ ಬೀಜ ಹಾಕುವುದನ್ನೇ ಮರೆತು ಅಪ್ಪನ ಕೈ ಸರಿಸಿ ತಿರುಗಿ ನೋಡಿದಳು.

ಮರುದಿನ ಎಂದಿನಂತೆ ನೆಲ ನಡುಗಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಗೋಡೆಯಾಚೆಯ ಮಗ್ಗ ನಿಂತಿತು. ದಾರ ಹರಿದಿರಬೇಕು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಬಸವ್ವನ ದನಿ, ಡಬ್ಬಿಗೆ ಬೀಜ ಬಿದ್ದ ಸದ್ದು. ಗಂಗವ್ವನವರು ಬಾಗಿಲಲ್ಲಿ ಇಣುಕಿದರು. "ಸಂಜಿ ಒಂದ ತಾಸು ನಿಂದರಸ್ತಾನಂತ ನೋಡ್ರಿ. ಅದರ ಬದ್ಲಿ ಮುಂಜಾನಿ ಇನ್ನಾ ಲಗೂ ಕುಂದರ್ತಾನಂತ. ನಿಮ್ಮ ನಿದ್ದಿ ಹೋತು, ಏನ್ಮಾಡ್ತೀರಿ?"

ವರ್ಷದ ಕೊನೆಗೆ ಬಂದ ಅಧಿಕಾರಿ ಸಂಗಪ್ಪನನ್ನು ಕೇಳಿದಾಗ ಅವನು ಉತ್ತರಿಸುವ ಬದಲು ಮಗಳನ್ನು ಹೆಸರು ಹಿಡಿದು ಕರೆದ. ನೀಲವ್ವ ಈಗ ಊರಿನ ಶಾಲೆಯಲ್ಲೇ ಇದ್ದಾಳೆ. ಅವಳಿಗೆ ಎಲ್ಲವೂ ಕೇಳುತ್ತದೆ ಎಂದು ತಿಳಿಯಬೇಡಿ. ಪಾಠದಲ್ಲಿ ಅರ್ಧ ತುಟಿ ನೋಡಿ, ಕಾಲು ಭಾಗ ಪಕ್ಕದವಳ ಪಾಟಿ ನೋಡಿ ಬರೆಯುತ್ತಾಳೆ. ಅವಳು ಆಡುವ ನಾಲ್ಕಾರು ಮಾತುಗಳಲ್ಲಿ ನನ್ನವೂ ಸೇರಿ ಹೋಗಿವೆ. ಅಜ್ಜಿಗೆ ಮೈಸೂರಿನವರಂತೆ "ಬನ್ನಿ" ಎನ್ನುತ್ತಾಳೆ, ಓಣಿಯೆಲ್ಲ ನಗುತ್ತದೆ.

ಈ ಬೇಸಿಗೆ ರಜೆಗೆ ಮೈಸೂರಿಗೆ ಹೋಗಿದ್ದೆ. ಅನ್ನ ಸಾರು ಉಂಡು ತಟ್ಟೆ ತೊಳೆಯುವಾಗ ಬಾಯಿ ಖಾರ ಕೇಳುತ್ತಿತ್ತು. ಮೊದಲ ಸಂಜೆ ಅಮ್ಮ ದೀಪ ಹಚ್ಚಿ ಬಂದು ಏನೋ ಮಾತಾಡುತ್ತಿದ್ದಳು. ನಾನು ಮಾತಿನ ನಡುವೆ ತಟ್ಟನೆ ಗೋಡೆಯ ಕಡೆ ತಿರುಗಿ ಕೂತೆ.

"ಏನೇ ಅದು, ಏನು ಕೇಳಿಸಿಕೊಳ್ತಾ ಇದ್ದೀಯ?"

"ಏನಿಲ್ಲಮ್ಮ," ಎಂದೆ. ಗೋಡೆಯಾಚೆಯ ಮಗ್ಗ ನಿಲ್ಲಲೆಂದು ಕಾಯುತ್ತಿದ್ದೆ. ಅಲ್ಲಿ ನಿಲ್ಲುವಂಥದ್ದು ಏನೂ ಇರಲಿಲ್ಲ.