ಮಾದಪ್ಪನವರ ಹೊಗೆಕೊಳವೆ ಕೂಗಿದ್ದೇಕೆ?

ಗುಂಡ್ಲುಪೇಟೆಯ ಮಾದಪ್ಪನವರ ಟೀ ಹೋಟೆಲ್ಲಿನಲ್ಲಿ ಹೊಗೆಕೊಳವೆ ಊಳಿಡುತ್ತದೆ ಎಂದು ಕಳೆದ ತಿಂಗಳು ನಮ್ಮ ಪತ್ರಿಕೆಯಲ್ಲಿ ಮೂರು ಸಾಲು ಬಂದಿತ್ತು. ಬರೆದವನು ನಾನೇ. (ಕಿವಿಯಾರೆ ಕೇಳಿಯೇ ಬರೆದದ್ದು.)

ಮೂರೇ ಸಾಲು. ಸಾಕಾಯಿತು. ಕಾಡು ದಾಟಿ ಕೇರಳಕ್ಕೆ ಹೋಗುವ ಲಾರಿಗಳು ಅಲ್ಲಿ ನಿಲ್ಲುವುದನ್ನೇ ಬಿಟ್ಟವು.

"ಕಾಡಿಗೋಗೋ ಮೊದ್ಲು ಈ ದೆವ್ವದ್ ಗೋಳು ಬ್ಯಾಡ ಕಣ್ಲಾ, ಎದುರ್ಗಡೆ ಓಟ್ಲುಗೆ ಹೋಗನ" ಎಂದು ಡ್ರೈವರೊಬ್ಬ ನನ್ನೆದುರೇ ಜೊತೆಯವನಿಗೆ ಹೇಳಿದ.

ಕೊನೆಗೆ ಮಾದಪ್ಪ ಚಾಮರಾಜನಗರದ ನಮ್ಮ ಮನೆಗೇ ಬಂದರು. "ನೀವೇನೋ ಬರ್ದ್‌ಬುಟ್ರಿ ಸ್ವಾಮಿ. ಕಾಸಿದ್ ಹಾಲು ಕಾಸ್ದಂಗೇ ಕುಂತದೆ. ಇನ್ನೊಂದ್ ತಿಂಗ್ಳು ಇಂಗೇ ಆದ್ರೆ ಬಾಗ್ಲು ಆಕ್ಬೇಕು."

ಅದೃಷ್ಟಕ್ಕೆ ನನ್ನ ಭಾವಮೈದ ರಾಚಪ್ಪ ರಜೆಯಲ್ಲಿ ಬಂದಿದ್ದ. ಬೆಂಗಳೂರಿನಲ್ಲಿ ವಿಮಾನದ ಜೆಟ್ ಇಂಜಿನ್ ಬಿಚ್ಚಿ ಜೋಡಿಸುವವನು. ಅವನನ್ನೂ ಬಸ್ಸು ಹತ್ತಿಸಿದೆ.

ಒಲೆ ಹೊತ್ತಿತು. ಹತ್ತು ನಿಮಿಷಕ್ಕೆ ಕೊಳವೆ ಶುರು ಮಾಡಿತು. ಮೇಜಿನ ಮೇಲಿನ ಲೋಟಗಳು ಅದುರಿದವು. ರಾಚಪ್ಪ ಕತ್ತು ಬಗ್ಗಿಸಿ ಕೊಳವೆಯೊಳಗೆ ಇಣುಕಿದ.

"ಒಳಗೆ ತಂತಿ ಜಾಲರಿ ಯಾರು ಹಾಕಿದ್ದು?"

"ನಾನೇಯ. ಕಿಡಿ ಎಗ್ರಿ ಈರುಳ್ಳಿ ಮಂಡಿ ಚಪ್ಪರದ್ ಮೇಲೆ ಬೀಳ್ತದೆ ಅಂತ ಪಕ್ಕದೋರು ಗಲಾಟೆ ಮಾಡುದ್ರು."

"ತುದಿಗೆ ಕಟ್ಟೋದು ಬಿಟ್ಟು ಇಷ್ಟು ಕೆಳಗೆ ಯಾಕೆ?"

"ಏಣಿ ಅತ್ತೋರ್ ಯಾರು? ಕೈಗೆ ಎಟುಕಿದ್ ಕಡೆ ಸಿಗ್ಸ್‌ಬುಟ್ಟೆ."

ರಾಚಪ್ಪನ ವಿವರಣೆ ಇಷ್ಟು. ಜಾಲರಿ ಕೆಂಪಗೆ ಕಾಯುತ್ತದೆ. ಅದನ್ನು ಹಾದು ಮೇಲೇರುವ ಗಾಳಿ ಕಾದು, ಹಿಗ್ಗಿ, ಅದುರುತ್ತದೆ. ಆ ಅದುರು ಇನ್ನಷ್ಟು ತಣ್ಣನೆಯ ಗಾಳಿಯನ್ನು ಜಾಲರಿಗೆ ಎಳೆದು ತರುತ್ತದೆ. ಅದೂ ಕಾಯುತ್ತದೆ, ಅದೂ ತಳ್ಳುತ್ತದೆ. ಉಯ್ಯಾಲೆಯನ್ನು ಸಮಯ ನೋಡಿ ತಳ್ಳಿದ ಹಾಗೆ, ಸಲದಿಂದ ಸಲಕ್ಕೆ ಜೋರು. ಜಾಲರಿ ಕೊಳವೆಯ ಕೆಳಗಡೆ ಇದ್ದರೆ ಮಾತ್ರ ಈ ತಾಳ, ತುದಿಯಲ್ಲಿದ್ದರೆ ಕೂಡುವುದಿಲ್ಲ. ಜೆಟ್ ಇಂಜಿನ್ನಿನ ಒಳಗೂ ಬೆಂಕಿಗೂ ಗಾಳಿಗೂ ಒಮ್ಮೊಮ್ಮೆ ಹೀಗೆ ತಾಳ ಕೂಡುತ್ತದಂತೆ. ಅಲ್ಲಿ ಲೋಟ ಅದುರುವುದಿಲ್ಲ, ಉಕ್ಕಿನ ತಗಡೇ ಸೀಳುತ್ತದೆ.

"ಅಂಗಾರೆ ದೆವ್ವ ಇಲ್ವಾ?" ಮಾದಪ್ಪ ಕೇಳಿದರು.

"ಇಲ್ಲ. ಸೋಮಾರಿತನ ಇದೆ."

ಏಣಿ ಬಂತು. ಜಾಲರಿ ಕೊಳವೆಯ ತುದಿಗೆ ಹೋಯಿತು. ಅದೇ ಒಲೆ, ಅದೇ ಸೌದೆ. ಸದ್ದೇ ಇಲ್ಲ!

ಲಾರಿಗಳು ಬಂದವೇ? ಎಲ್ಲಿ ಬಂದವು? ಅದೇ ಡ್ರೈವರು ರಸ್ತೆಯಾಚೆ ನಿಂತು ಹೇಳಿದ: "ಕೂಗ್ತಿದ್ದಾಗ್ಲೇ ವಾಸಿಯಾಗಿತ್ತು. ಈಗ ಸುಮ್ಕದೆ. ಒಳಗೊಳಗೇ ಏನ್ ಮಸೀತಾ ಅದೋ!"

"ನಿಂತೋಯ್ತು ಅಂತ್ಲೂ ಬರ್ದುಬುಡಿ ಸ್ವಾಮಿ" ಎಂದರು ಮಾದಪ್ಪ. ನ್ಯಾಯವೇ. ಮೂರು ಸಾಲು ಬರೆದುಕೊಟ್ಟೆ. ಸಂಪಾದಕರು ಕೆಂಪು ಪೆನ್ಸಿಲಿನಲ್ಲಿ ಹೊಡೆದು ಹಾಕಿದರು. "ಕೂಗಿದ್ದು ಸುದ್ದಿ ಕಣ್ರೀ. ಸುಮ್ಮನಾದದ್ದು ಯಾವ ಸುದ್ದಿ?"

ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಮಾದಪ್ಪನವರ ಕೊಳವೆ ಸುಮ್ಮನಿದೆ. ಟೀ ಚೆನ್ನಾಗಿದೆ. ಹೆದ್ದಾರಿಯುದ್ದಕ್ಕೂ ಇನ್ನೂ ಊಳಿಡುತ್ತಿರುವುದು ನನ್ನ ಆ ಮೊದಲ ಮೂರು ಸಾಲು. ಅದಕ್ಕೆ ಏಣಿ ಹಾಕುವವರು ಯಾರು?